ಕರೆಂಟಿಲ್ಲದ ರೇಡಿಯೋ ಬರೆದಾಕೆ

‘ಸಾಕ್ಷಿ’ಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಧಾರವಾಡದ ಗ್ರಂಥ ಸಂರಕ್ಷಣಾ ಕೇಂದ್ರದಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಸುಳ್ಳು ಹೇಳುವಷ್ಟು ಬುದ್ಧಿ ಅದಕ್ಕೆಲ್ಲಿದೆ ಎಂದು ಚಹಾದ ಹೊತ್ತಿನಲ್ಲಿ ನಗುವವರೂ ಇದ್ದರು. ಒಬ್ಬ ಮನುಷ್ಯನ ಹೆಸರು ಕೊಟ್ಟರೆ ಸಾಕು, ಆ ಯಂತ್ರ ದೇಶದ ಜನನ ಮರಣದ ದಾಖಲೆ, ಶಾಲೆಯ ಹಾಜರಿ, ಆಸ್ಪತ್ರೆ, ರೇಷನ್ನು, ವೋಟು, ಬ್ಯಾಂಕು ಎಲ್ಲವನ್ನೂ ಜಾಲಾಡಿ ಎರಡರಲ್ಲಿ ಒಂದು ಉತ್ತರ ಕೊಡುತ್ತಿತ್ತು. ಇದ್ದಾರೆ, ಇಂಥ ಊರಲ್ಲಿ. ಇಲ್ಲವೇ ತೀರಿಕೊಂಡಿದ್ದಾರೆ, ವಾರಸುದಾರರು ಇಂಥವರು. ಆ ಸೋಮವಾರ ಮಾತ್ರ ಅದು ಮೂರನೆಯ ಉತ್ತರ ಕೊಟ್ಟಿತು.

ಕುಮಾರಿ ವೈಜಯಂತಿ ಬೆಣ್ಣೂರ. ಹುಟ್ಟಿದ ದಾಖಲೆ ಇದೆ. ಕಾಲೇಜಿನ ಮೊದಲ ವರ್ಷದವರೆಗೆ ಓದಿದ ದಾಖಲೆ ಇದೆ. ಸತ್ತ ದಾಖಲೆ ಇಲ್ಲ. ಬದುಕಿರುವ ದಾಖಲೆಯೂ ಇಲ್ಲ.

ಪರದೆಯ ಮುಂದೆ ಕೂತಿದ್ದ ಊರ್ಮಿಳಾ ಅಗರಖೇಡ ಮತ್ತೊಮ್ಮೆ ಕೇಳಿ ನೋಡಿದಳು. ಅದೇ ಉತ್ತರ ಬಂತು. ಹನ್ನೆರಡು ವರ್ಷದ ನೌಕರಿಯಲ್ಲಿ ಸತ್ತವರನ್ನು ಕಂಡಿದ್ದಳು, ದೇಶ ಬಿಟ್ಟವರನ್ನು ಕಂಡಿದ್ದಳು, ಸನ್ಯಾಸ ತೆಗೆದುಕೊಂಡು ಹೆಸರು ಬದಲಿಸಿದವರನ್ನೂ ಕಂಡಿದ್ದಳು. ಅವರೆಲ್ಲರೂ ಎಲ್ಲೋ ಒಂದು ಕಡೆ ಒಂದು ಗುರುತು ಬಿಟ್ಟಿರುತ್ತಿದ್ದರು. ಇಪ್ಪತ್ತರ ಹುಡುಗಿಯೊಬ್ಬಳು ಒಂದು ಪುಸ್ತಕ ಬರೆದು, ಅಚ್ಚು ಹಾಕಿಸಿ, ಗಾಳಿಯಲ್ಲಿ ಕರಗಿಹೋಗುವುದೆಂದರೆ ಏನು?

ಇಷ್ಟೆಲ್ಲ ಹುಡುಕಾಟ ಏಕೆ ಬೇಕಾಯಿತೆಂದರೆ, ಕಾಗದಕ್ಕೆ ರೋಗ ಬಂದಿತ್ತು. ಬೂದಿರೋಗ ಎಂದು ಜನ ಕರೆಯುವ ಒಂದು ಜಾತಿಯ ಬೂಷ್ಟು. ಅಗ್ಗದ ಕಾಗದವೆಂದರೆ ಅದಕ್ಕೆ ಬಲು ಪ್ರೀತಿ. ಒಮ್ಮೆ ಹತ್ತಿಕೊಂಡರೆ ಆರು ತಿಂಗಳಲ್ಲಿ ಪುಟ ಮುಟ್ಟಿದಲ್ಲೇ ಪುಡಿಯಾಗುತ್ತಿತ್ತು. ಪುಸ್ತಕದ ಪ್ರತಿ ತೆಗೆದಿಡೋಣವೆಂದರೆ ಅದಕ್ಕೂ ಮೊದಲೇ ಹಕ್ಕುಬೀಗದ ಕಾಯ್ದೆ ಬಂದು ಕೂತಿತ್ತು. ಫೋನಿರಲಿ, ಕನ್ನಡಕದ ಕ್ಯಾಮೆರಾ ಇರಲಿ, ಕೇಂದ್ರದ ದೊಡ್ಡ ಸ್ಕ್ಯಾನರೇ ಇರಲಿ, ಅಚ್ಚಾದ ಪುಟ ಕಂಡೊಡನೆ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಹಕ್ಕುದಾರರ ಒಪ್ಪಿಗೆ ಸಾಕ್ಷಿಯ ಮುಂದೆ ದಾಖಲಾದರೆ ಮಾತ್ರ ಬೀಗ ತೆರೆಯುತ್ತಿತ್ತು. ಮಗಳ ಲಗ್ನಪತ್ರಿಕೆಯ ಫೋಟೋ ತೆಗೆಯಲಾಗದೆ ಬೀಗರಿಗೆ ಫೋನಿನಲ್ಲಿ ಓದಿ ಹೇಳಿದ ಪುಣ್ಯಾತ್ಮರು ಹುಬ್ಬಳ್ಳಿ ಧಾರವಾಡದಲ್ಲಿ ಎಷ್ಟೋ ಮಂದಿ. ಕೈಯಲ್ಲಿ ನಕಲು ಬರೆದುಕೊಂಡರೆ ಯಾರೂ ತಡೆಯುತ್ತಿರಲಿಲ್ಲ, ಆದರೆ ಅಂಥ ನಕಲನ್ನು ಕೇಂದ್ರದ ಭಂಡಾರ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಕಾದಂಬರಿಗಳಿಗೆ, ಪುರಾಣಗಳಿಗೆ ವಾರಸುದಾರರು ಓಡಿ ಬಂದರು. ಪಾರಿವಾಳ ಸಾಕುವುದು, ಗಾಳಿಪಟ ಕಟ್ಟುವುದು, ಉಲ್ಲನ್ ಹೆಣೆಯುವುದು, ಬೆಂಕಿಪೊಟ್ಟಣದ ಚಿತ್ರ ಕೂಡಿಡುವುದು, ಇಂಥ ಹವ್ಯಾಸದ ಪುಸ್ತಕಗಳನ್ನು ಕೇಳುವವರು ಯಾರು? ಪ್ರಕಾಶಕ ಎಂದೋ ಅಂಗಡಿ ಮುಚ್ಚಿರುತ್ತಿದ್ದ. ಲೇಖಕನ ವಿಳಾಸವೆಂದರೆ ‘ಹಳೇ ಬಸ್ ನಿಲ್ದಾಣದ ಹಿಂದೆ’. ಎಷ್ಟು ಹುಡುಕಿದರೂ ಹಕ್ಕುದಾರರು ಸಿಗಲೇ ಇಲ್ಲ ಎಂದು ಕೇಂದ್ರದ ಅಧಿಕಾರಿ ಸಾಕ್ಷಿಯ ಮುಂದೆ ಪ್ರಮಾಣ ಮಾಡಿದರೆ ಆ ಪುಸ್ತಕ ಸಾರ್ವಜನಿಕರದ್ದಾಗುತ್ತಿತ್ತು, ಬದುಕುತ್ತಿತ್ತು. ಆ ಪ್ರಮಾಣಕ್ಕೆ ಮುನ್ನ ಅಧಿಕಾರಿ ಖುದ್ದಾಗಿ ವಿಚಾರಣೆ ಮಾಡಬೇಕು. ಅದು ಊರ್ಮಿಳೆಯ ಕೆಲಸ.

ಈಗ ಅವಳ ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ಪುಸ್ತಕದ ಹೆಸರು ‘ಕರೆಂಟಿಲ್ಲದ ರೇಡಿಯೋ: ನೀವೇ ಮಾಡಿ’. ಅರವತ್ತು ವರ್ಷದ ಹಿಂದಿನದು. ಒಂದು ಶಾಲೆಯ ಅಟ್ಟದಲ್ಲಿ ಸಿಕ್ಕ ಈ ಪ್ರತಿ ಬಿಟ್ಟರೆ ಬೇರೊಂದು ಪ್ರತಿ ಯಾರಿಗೂ ಗೊತ್ತಿರಲಿಲ್ಲ, ಅದಕ್ಕೂ ಬೂದಿ ಹತ್ತಿತ್ತು. ಹಿಂದಿನ ವರ್ಷದ ಚಂಡಮಾರುತದಲ್ಲಿ ಕರಾವಳಿಯ ಜಾಲವೆಲ್ಲ ವಾರಗಟ್ಟಲೆ ಸತ್ತುಬಿದ್ದ ಮೇಲೆ ಸರ್ಕಾರ ಹಳೆಯ ಕಾಲದ ರೇಡಿಯೋ ಪ್ರಸಾರವನ್ನು ಮತ್ತೆ ಶುರುಮಾಡಿತ್ತು. ಬ್ಯಾಟರಿಯಿಲ್ಲದೆ, ಕರೆಂಟಿಲ್ಲದೆ, ಬರೀ ತಂತಿ ಸುತ್ತಿ ಅದನ್ನು ಕೇಳುವುದು ಹೇಗೆ ಎಂದು ಮೀನುಗಾರರ ಮಕ್ಕಳು ಬರೆದು ಕೇಳುತ್ತಿದ್ದರು. ನಮ್ಮೂರ ಅಂಗಡಿಯಲ್ಲಿ ಸಿಗುವ ಸಾಮಾನಿನಿಂದಲೇ ಅದನ್ನು ಮಾಡಿ ತೋರಿಸಿದ ಕನ್ನಡದ ಪುಸ್ತಕ ಕೇಂದ್ರಕ್ಕೆ ಸಿಕ್ಕಿದ್ದು ಇದೊಂದೇ. ಇದು ಪುಡಿಯಾದರೆ ಮುಗಿಯಿತು.

ಹವ್ಯಾಸದ ಪುಸ್ತಕಗಳಿಗೆ ಕೇಂದ್ರದಲ್ಲಿ ಒಂದು ಪದ್ಧತಿಯಿತ್ತು. ಅದಕ್ಕೆ ‘ಮಾಡಿ ನೋಡು’ ಎಂದು ಹೆಸರು. ಇಂಥ ಪುಸ್ತಕಗಳಲ್ಲಿ ನಡುವಿನ ಹಾಳೆ ಹರಿದಿರುತ್ತದೆ, ನಕ್ಷೆ ಯಾರೋ ಕಿತ್ತುಕೊಂಡಿರುತ್ತಾರೆ. ಆದ್ದರಿಂದ ಅಧಿಕಾರಿ ಅದರಲ್ಲಿ ಹೇಳಿದ್ದನ್ನು ಒಮ್ಮೆ ಕೈಯಾರೆ ಮಾಡಿ ನೋಡಿ, ಏನು ತಪ್ಪಿಹೋಗಿದೆ ಎಂದು ಕಂಡುಕೊಳ್ಳಬೇಕು. ಈ ಪದ್ಧತಿಯ ದೆಸೆಯಿಂದ ಊರ್ಮಿಳಾ ಹಿಂದೆ ಮನೆಯಲ್ಲಿ ಜೇನು ಸಾಕಿ ಓಣಿಯವರಿಂದ ಬೈಸಿಕೊಂಡಿದ್ದಳು, ಜಾದೂ ಕಲಿಯಲು ಹೋಗಿ ಗಂಡನ ಹೊಸ ಕರ್ಚೀಫು ಸುಟ್ಟಿದ್ದಳು. ಈ ಸಲ ರೇಡಿಯೋ. ಪುಸ್ತಕ ಓದಿ ಬೇಕಾದ್ದನ್ನು ನೆನಪಿಟ್ಟುಕೊಂಡು, ಬಳೆಗಾರರ ಅಂಗಡಿಯಿಂದ ಬಳೆ ಪೋಣಿಸಿಡುವ ರಟ್ಟಿನ ಕೊಳವೆ ಇಸಿದುಕೊಂಡು, ಹಳೆಯ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿ, ರೇಡಿಯೋ ಅಲೆಯಿಂದ ದನಿ ಬಿಡಿಸುವ ಡಯೋಡು, ಕಿವಿಗೆ ಇಡುವ ಗುಂಡಿ ಕೊಂಡುಕೊಂಡು ಮನೆಗೆ ಹೋದಳು. ಒಂದು ವಿಷಯ ಮಾತ್ರ ಅವಳಿಗೆ ಹೊಳೆದಿರಲಿಲ್ಲ. ತಂತಿ ಸುತ್ತುವ ಅಧ್ಯಾಯದ ನಡುವೆ ಒಂದು ಹಾಳೆ ಬೂದಿಯಾಗಿ ಹೋಗಿತ್ತು. ಅದರ ಮುಂದಿನ ಪುಟ ಶುರುವಾಗುವುದೇ ‘ಹುಣಸೆಹಣ್ಣು ತೊಳೆದ ಮೇಲೆ’ ಎಂದು. ರೇಡಿಯೋಕ್ಕೂ ಹುಣಸೆಹಣ್ಣಿಗೂ ಎತ್ತಣ ಸಂಬಂಧ ಎಂದು ಅವಳು ಒಬ್ಬಳೇ ನಕ್ಕಿದ್ದಳು.

ಮನೆ ಮಾಳಮಡ್ಡಿಯಲ್ಲಿತ್ತು. ಗಂಡ ಶ್ರೀಪಾದ ಕಾರವಾರದ ಕಡಲಿನ ಗಾಳಿಯಂತ್ರಗಳ ಕೆಲಸದಲ್ಲಿ ವಾರವೆಲ್ಲ ನೀರಿನ ಮೇಲಿರುವವನು. ಮನೆಯಲ್ಲಿ ಮಾವ ಪ್ರಹ್ಲಾದರಾಯರು ಮತ್ತು ಅತ್ತೆ ಸುಶೀಲಾಬಾಯಿ. ರಾಯರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು, ಎಂಬತ್ತು ದಾಟಿದರೂ ಶಿಸ್ತಿನ ಮನುಷ್ಯ, ಸೊಸೆಯ ಮೇಲೆ ಒಂದು ದಿನವೂ ದನಿ ಏರಿಸಿದವರಲ್ಲ. ಊರ್ಮಿಳೆಗೆ ತನ್ನ ತಂದೆಗಿಂತ ಅವರೇ ಹೆಚ್ಚು. ಸುಶೀಲಾಬಾಯಿಗೆ ನಾಲ್ಕು ವರ್ಷದಿಂದ ಮರೆವಿನ ರೋಗ. ಈಗೀಗ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಊಟ ಆಯಿತೇ ಎಂದು ಕೇಳುವರು, ಊಟ ಮಾಡುತ್ತಲೇ ಕೇಳುವರು.

ಭಾನುವಾರ ಮಧ್ಯಾಹ್ನ ಊರ್ಮಿಳಾ ಊಟದ ಮೇಜಿನ ಮೇಲೆ ಕೊಳವೆ ಇಟ್ಟುಕೊಂಡು ತಂತಿ ಸುತ್ತಲು ಕೂತಳು. ಸುತ್ತುಗಳು ಒಂದರ ಮಗ್ಗುಲಲ್ಲಿ ಒಂದು ಸಾಲಾಗಿ ಕೂರಬೇಕು. ಅವಳ ಸುತ್ತುಗಳೋ, ಒಂದರ ಮೇಲೊಂದು ಹತ್ತಿ ಕೂತವು. ಎದುರಿನ ಕುರ್ಚಿಯಲ್ಲಿ ಸುಮ್ಮನೆ ನೋಡುತ್ತಿದ್ದ ಸುಶೀಲಾಬಾಯಿ ಕೈ ಚಾಚಿ ಕೊಳವೆಯನ್ನು ತೆಗೆದುಕೊಂಡರು. ಊರ್ಮಿಳಾ ಬಿಟ್ಟುಕೊಟ್ಟಳು. ಅತ್ತೆಯ ಕೈಗೆ ಏನಾದರೂ ಕೆಲಸ ಇರಲಿ ಎಂದು ವೈದ್ಯರೇ ಹೇಳಿದ್ದರು.

ಸುಶೀಲಾಬಾಯಿ ಅವಳು ಸುತ್ತಿದ್ದನ್ನೆಲ್ಲ ಬಿಚ್ಚಿಹಾಕಿದರು. ತಂತಿಯ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿ ಮಾಡಿಕೊಂಡರು. ಕೊಳವೆಯನ್ನು ತಿರುಗಿಸುತ್ತ ಹೋದರು, ತಂತಿ ತಾನೇ ಬಂದು ಸಾಲುಗಟ್ಟಿ ಕೂತಿತು. ಹತ್ತು ಸುತ್ತಿಗೊಮ್ಮೆ ನಿಲ್ಲಿಸಿ ಒಂದು ಸಣ್ಣ ಕುಣಿಕೆ ಹೊಸೆದು ಮೇಲಕ್ಕೆ ಎತ್ತಿದರು. ಬೇರೆ ಬೇರೆ ಪ್ರಸಾರಕ್ಕೆ ತಂತಿ ಹಚ್ಚಿ ನೋಡಲು ಆ ಕುಣಿಕೆ ಬೇಕು ಎಂದು ಪುಸ್ತಕದಲ್ಲಿತ್ತು. ಅದನ್ನು ಊರ್ಮಿಳಾ ಬಾಯಿಬಿಟ್ಟು ಹೇಳಿರಲಿಲ್ಲ. ಕೈ ನಡುಗುವ ಕಾರಣಕ್ಕೆ ಅತ್ತೆಗೆ ಚಹಾದ ಕಪ್ಪನ್ನು ಅರ್ಧವಷ್ಟೇ ತುಂಬಿಸಿ ಕೊಡುತ್ತಿದ್ದರು, ಆ ಕೈ ಈಗ ನಡುಗುತ್ತಲೇ ಇರಲಿಲ್ಲ.

ಸುತ್ತುವುದು ಮುಗಿದ ಮೇಲೆ ಸುಶೀಲಾಬಾಯಿ ಎದ್ದು ದೇವರ ಮನೆಗೆ ಹೋಗಿ, ಉರಿಯುತ್ತಿದ್ದ ದೀಪಕ್ಕೆ ತಂತಿಯ ತುದಿ ಹಿಡಿದು ಅದರ ಮೇಲಿನ ಬಣ್ಣದ ಲೇಪ ಸುಟ್ಟರು. ಅಡಿಗೆಮನೆಯ ಬಾಗಿಲಲ್ಲಿ ನಿಂತು ಆಚೀಚೆ ನೋಡಿದರು.

“ಹುಣಸಿಹಣ್ಣು ಎಲ್ಲೆ ಇಟ್ಟಿ? ಸುಟ್ಟ ತುದಿ ಹುಣಸಿಹಣ್ಣಿಲೆ ತಿಕ್ಕಬೇಕು. ಇಲ್ಲಂದರ ತಾಮ್ರಾ ಮಾತಾಡೂದಿಲ್ಲ.”

ಬೂದಿಯಾಗಿ ಹೋದ ಹಾಳೆ ಅಲ್ಲಿ ಅಡಿಗೆಮನೆಯ ಹೊಸ್ತಿಲ ಮೇಲೆ ನಿಂತು ಮಾತಾಡುತ್ತಿತ್ತು. ಊರ್ಮಿಳಾ ಹೇಗೋ ಡಬ್ಬಿ ಹುಡುಕಿ ಹುಣಸೆಹಣ್ಣು ಕೊಟ್ಟಳು. ಅತ್ತೆ ತಿಕ್ಕಿ ತೊಳೆದ ತುದಿ ಹೊಸ ತಾಮ್ರದ ಚೆರಿಗೆಯಂತೆ ಮಿಂಚಿತು. ಸೊಸೆ ಮೊದಲೇ ತಾರಸಿಯಲ್ಲಿ ಎಳೆದು ಕಟ್ಟಿದ್ದ ತಂತಿಯನ್ನೂ ನಲ್ಲಿಯ ಪೈಪನ್ನೂ ಜೋಡಿಸಿ, ಡಯೋಡಿನ ಸಣ್ಣ ತುಣುಕು ಹಚ್ಚಿ, ಕಿವಿಗೆ ಇಡುವ ಗುಂಡಿಯನ್ನು ಮೊದಲು ತಮ್ಮ ಕಿವಿಗಿಟ್ಟು, ಆಮೇಲೆ ಸೊಸೆಯ ಕಿವಿಗಿಟ್ಟರು. ಕರೆಂಟಿಲ್ಲ, ಬ್ಯಾಟರಿಯಿಲ್ಲ. ಬಹು ಸಣ್ಣ ದನಿಯಲ್ಲಿ ಯಾರೋ ಸಮುದ್ರದ ಅಲೆಗಳ ಎತ್ತರ ಓದುತ್ತಿದ್ದರು. ಸುಶೀಲಾಬಾಯಿ ಕುರ್ಚಿಯಲ್ಲಿ ಕೂತು, ಊಟ ಆಯಿತೇ ಎಂದು ಕೇಳಿದರು.

ರಾಯರು ಪಡಸಾಲೆಯಲ್ಲಿ ಓದುತ್ತ ಕೂತಿದ್ದರು. ಊರ್ಮಿಳಾ ಹೋಗಿ ಅವರೆದುರು ನಿಂತಳು. ಅತ್ಯಾನ ತವರುಮನೆಯ ಹೆಸರು ಏನಿತ್ತು ಎಂದು ಕೇಳಿದಳು. ಬೆಣ್ಣೂರ ಎಂದರು ರಾಯರು, ತಲೆಯೆತ್ತದೆ. ಅಡ್ಡಹೆಸರಲ್ಲ, ಆಕೆಯ ಹೆಸರು ಎಂದಳು. ರಾಯರು ಈಗ ತಲೆಯೆತ್ತಿದರು.

“ವೈಜಯಂತಿ,” ಎಂದರು.

ಧಾರವಾಡದ ಕಡೆ ಲಗ್ನದಲ್ಲಿ ಹುಡುಗಿಯ ಹೆಸರು ಬದಲಿಸುವುದು ಹಿಂದಿನಿಂದ ಬಂದ ರೂಢಿ. ತಾಟಿನಲ್ಲಿ ಅಕ್ಕಿ ಹರಡಿ, ವರ ಉಂಗುರದ ತುದಿಯಿಂದ ಹೊಸ ಹೆಸರು ಬರೆಯುತ್ತಾನೆ. ಅಂದಿನಿಂದ ಹುಡುಗಿ ಆ ಹೆಸರಿನವಳು. ಹಳೆಯ ಹೆಸರಿಗೆ ಯಾರೂ ಅರ್ಜಿ ಕೊಡುವುದಿಲ್ಲ, ಯಾರೂ ಗೆಜೆಟ್ಟಿನಲ್ಲಿ ಹಾಕಿಸುವುದಿಲ್ಲ. ಆಮೇಲೆ ಬಂದ ರೇಷನ್ ಕಾರ್ಡು, ವೋಟು, ಬೆರಳಿನ ಗುರುತು ಎಲ್ಲವೂ ಸುಶೀಲಾ ಅಗರಖೇಡ ಎಂಬಾಕೆಯವೇ. ದೇಶವನ್ನೇ ಜಾಲಾಡುವ ಸಾಕ್ಷಿಗೆ ಒಂದು ತಾಟಿನ ಅಕ್ಕಿಯ ಸುದ್ದಿ ಗೊತ್ತಿರಲಿಲ್ಲ. ಊರ್ಮಿಳೆಯ ಸ್ವಂತ ಲಗ್ನದಲ್ಲೂ ಭಟ್ಟರು ತಾಟು ತಂದಿಟ್ಟಿದ್ದರು. ಆಗ ಸುಶೀಲಾಬಾಯಿ ಆ ಅಕ್ಕಿಯನ್ನು ಎತ್ತಿ ಡಬ್ಬಿಗೆ ಸುರಿದು, ಆಕಿ ಹೆಸರು ಆಕಿಗಿರಲಿ ಎಂದಿದ್ದರು. ಅತ್ತೆ ಹೊಸಕಾಲದವರು ಎಂದು ಎಲ್ಲರೂ ಮೆಚ್ಚಿಕೊಂಡಿದ್ದರು. ಊರ್ಮಿಳಾ ಕೂಡ.

ಪುಸ್ತಕದ ಸಂಗತಿ ತಮಗೆ ಗೊತ್ತಿತ್ತೇ ಎಂದು ಅವಳು ಕೇಳಿದಳು. ಗೊತ್ತಿತ್ತು ಎಂದರು ರಾಯರು. ಪುಸ್ತಕ ಚೆನ್ನಾಗಿ ಹೋಗಿತ್ತಂತೆ. ಲಗ್ನದ ಮರುವರ್ಷ ಪ್ರಕಾಶಕರು ಎರಡನೆಯ ಮುದ್ರಣಕ್ಕೆ ಒಪ್ಪಿಗೆ ಕೇಳಿ ಕಾಗದ ಬರೆದರಂತೆ. ಒಂದಲ್ಲ, ಮೂರು ಸಲ. ರಾಯರು ಅದನ್ನು ಮುಚ್ಚಿಡಬೇಕು ಎನ್ನುವವರ ಹಾಗೆ ಹೇಳಲಿಲ್ಲ, ಹಳೆಯ ಮಳೆಗಾಲದ ಸುದ್ದಿ ಹೇಳುವವರ ಹಾಗೆ ಹೇಳಿದರು.

“ನೀವು ಏನಂತ ಬರದಿರಿ ಮಾವನೋರ?”

“ಆ ಹೆಸರಿನವರು ಯಾರೂ ಈ ಮನ್ಯಾಗ ಇಲ್ಲ ಅಂತ ಬರದೆ. ಸುಳ್ಳಂತೂ ಬರದಿಲ್ಲಲ್ಲ ನಾನು. ಆಗ ನಾ ಹೊಸದಾಗಿ ಕಾಲೇಜಿಗೆ ಸೇರಿದ್ದೆ. ಫಿಜಿಕ್ಸ್ ಕಲಿಸಾವನ ಹೆಂಡತಿ ಹುಡುಗರ ಆಟಿಗಿ ಪುಸ್ತಕಾ ಬರದಾಳ ಅಂದರ ಸ್ಟಾಫ್ ರೂಮಿನ್ಯಾಗ ನಗ್ತಿದ್ದರು.”

“ಅತ್ಯಾಗ ಕಾಗದಾ ಬಂದದ್ದು ಗೊತ್ತಿದ್ದಿಲ್ಲೇನು?”

ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. “ಪೋಸ್ಟಿನವನ ಕಡೆಯಿಂದ ಇಸಗೊಂಡು ಬಂದು ಕೊಟ್ಟಾಕಿನ ಆಕಿ. ಮೂರು ಸರ್ತೆನೂ. ‘ಇದು ಯಾರ ಹೆಸರಿಗೆ ಬಂದದರೀ’ ಅಂತ ಕೇಳಿದಳು. ನಾ ಗೊತ್ತಿಲ್ಲ ಅಂದೆ. ಆಮ್ಯಾಲೆ ಕೇಳಲಿಲ್ಲ.”

ಮೂರು ಸಲ ಆಕೆ ತನ್ನದೇ ಕಾಗದ ಹಿಡಿದು ಈ ಪಡಸಾಲೆಯಲ್ಲಿ ನಿಂತಿದ್ದಾಳೆ. ಮೂರು ಸಲವೂ ‘ನಿನ್ನದೇ’ ಎಂಬ ಒಂದು ಮಾತಿಗಾಗಿ ಕಾದಿದ್ದಾಳೆ. ಜಗಳವಿಲ್ಲ, ಕಣ್ಣೀರಿಲ್ಲ. ದುಷ್ಟನೊಬ್ಬ ಹೀಗೆ ಮಾಡಿದ್ದರೆ ಊರ್ಮಿಳಾ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ತನಗೆ ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟ ಮನುಷ್ಯ ಇವರು. ಅವಳು ಒಳಗೆ ಹೋಗಿ ಶ್ರೀಪಾದನಿಗೆ ಫೋನು ಮಾಡಿದಳು. ಅವ್ವನ ಹೆಸರು ಸುಶೀಲಾ ಅಲ್ಲೇನು, ಮತ್ತೇನಿರತದ ಎಂದು ಅವನೇ ತಿರುಗಿ ಕೇಳಿದ. ಸೋದರಮಾವ ಅಕ್ಕಾ ಎಂದೇ ಕರೆಯುತ್ತಿದ್ದನಂತೆ, ಅವನೂ ಈಗ ಇರಲಿಲ್ಲ.

ಮರುದಿನ ನಿಯಂತ್ರಣ ಕೊಠಡಿಯಲ್ಲಿ ಅವಳು ಎಲ್ಲವನ್ನೂ ಮುಖ್ಯಸ್ಥೆ ಶಾಹೀನಾ ಮುಲ್ಲಾಗೆ ಹೇಳಿದಳು. ಶಾಹೀನಾ ಗಟ್ಟಿ ಹೆಂಗಸು, ಸಾಕ್ಷಿಯನ್ನು ಕಟ್ಟಿದ ಎಂಜಿನಿಯರುಗಳಲ್ಲಿ ಒಬ್ಬಳು. ಕೇಳಿ ಮುಗಿದ ಮೇಲೆ ಆಕೆ ಬಾಗಿಲು ಹಾಕಿ ಬಂದು ಕೂತಳು.

ಸಂಗತಿ ಹೀಗಿತ್ತು. ಹಕ್ಕುದಾರಳು ಸಿಕ್ಕಿದ್ದಾಳೆ ಎಂದು ಊರ್ಮಿಳಾ ಬರೆದ ಕ್ಷಣದಿಂದ ಆಕೆಯ ಒಪ್ಪಿಗೆಯೇ ಬೇಕು. ಮರೆವಿನ ರೋಗದವರ ಹೆಬ್ಬೆಟ್ಟು ಒತ್ತಿಸಿಕೊಂಡು ಮೊಮ್ಮಕ್ಕಳು ಹಕ್ಕು ಮಾರಿಕೊಂಡ ಹಗರಣಗಳಾದ ಮೇಲೆ, ಗಂಡನಾಗಲಿ ಮಗನಾಗಲಿ ಅವರ ಪರವಾಗಿ ಒಪ್ಪುವಂತಿರಲಿಲ್ಲ. ಆಕೆಯೇ ಸಾಕ್ಷಿಯ ಕುರ್ಚಿಯಲ್ಲಿ ಕೂತು, ತಿಳಿದು, ಹೂಂ ಎನ್ನಬೇಕು. ತಲೆಗೆ ಕಟ್ಟುವ ಪಟ್ಟಿಯಿಂದ ಯಂತ್ರ ಮಿದುಳಿನ ಅಲೆ ನೋಡುತ್ತದೆ. ಕೇಳಿದ್ದು ತಿಳಿಯಿತೇ, ಹೇಳಿದ್ದು ನಿಜವೇ ಎಂಬುದು ಅದಕ್ಕೆ ಗೊತ್ತಾಗುತ್ತದೆ. ಕುರ್ಚಿಯಲ್ಲಿ ಕೂತವರ ಮಾತಿನ ಮುಂದೆ ಬೇರೆ ಯಾರ ಹೇಳಿಕೆಯೂ ನಿಲ್ಲುವುದಿಲ್ಲ. ಆಕೆಗೆ ತಿಳಿಯದಿದ್ದರೆ ಪುಸ್ತಕಕ್ಕೆ ಬೀಗ. ಆಕೆ ಇರುವವರೆಗೆ, ಆಮೇಲೆ ಇನ್ನೂ ಅರವತ್ತು ವರ್ಷ. ಬೂದಿರೋಗ ಅಷ್ಟು ದಿನ ಕಾಯುವುದಿಲ್ಲ. ಪುಸ್ತಕ ದಸರೆ ದಾಟಿದರೆ ಅದೇ ದೊಡ್ಡದು.

“ಊರ್ಮಿಳಾ, ಸಾಕ್ಷಿಗೆ ಅಧಿಕಾರಿ ಮಾತ ಪ್ರಮಾಣ,” ಎಂದಳು ಶಾಹೀನಾ. “ಎಷ್ಟು ಹುಡುಕಿದರೂ ಸಿಗಲಿಲ್ಲ ಅಂತ ನೀ ಅಂದರ ನಾಳೆನ ಬೀಗ ತೆರೀತೈತಿ. ಪುಸ್ತಕ ಉಳೀತೈತಿ. ನಾ ಏನೂ ಕೇಳಿಲ್ಲ, ನೀ ಏನೂ ಹೇಳಿಲ್ಲ.”

ಊರ್ಮಿಳಾ ಪ್ರಮಾಣದ ಪರದೆ ತೆರೆದಳು. ಬರೆಯಬೇಕಾದ್ದು ಒಂದೇ ಸಾಲು. ಆ ಹೆಸರಿನವರು ಯಾರೂ ಸಿಗಲಿಲ್ಲ. ಅರ್ಧ ಬರೆದು ಅವಳ ಕೈ ನಿಂತಿತು. ಇದೇ ಮಾತನ್ನು ಮೂರು ಸಲ ಬರೆದ ಮನುಷ್ಯ ಮನೆಯಲ್ಲಿ ಕೂತಿದ್ದಾನೆ. ಅವನ ನಾಲ್ಕನೆಯ ಕಾಗದವನ್ನು ತಾನು ಬರೆಯುವುದೇ? ಪುಸ್ತಕ ಉಳಿಯುತ್ತದೆ ನಿಜ, ಅದಕ್ಕಾಗಿ ಆ ಹೆಂಗಸನ್ನು ಇನ್ನೊಮ್ಮೆ ಇಲ್ಲ ಎನ್ನಬೇಕು. ಬರೆದದ್ದನ್ನು ಅಳಿಸಿ, ಹಕ್ಕುದಾರರು ಸಿಕ್ಕಿದ್ದಾರೆ, ನನ್ನ ಅತ್ತೆ, ಎಂದು ದಾಖಲಿಸಿದಳು. ಶಾಹೀನಾ ಹಣೆ ಚಚ್ಚಿಕೊಂಡಳು.

ಕುರ್ಚಿಯ ದಿನ ರಾಯರು ತಾವೂ ಬರುವುದಾಗಿ ಹೊರಟು ನಿಂತರು. ಬೇಡವೆನ್ನಲು ಊರ್ಮಿಳೆಗೆ ಆಗಲಿಲ್ಲ. ಈ ನಡುವೆ ಅವರಿಬ್ಬರ ಮಧ್ಯೆ ಮಾತು ಕಡಿಮೆಯಾಗಿತ್ತು. ಅವರು ಒಂದೆರಡು ಸಲ ಏನೋ ಹೇಳಲು ಬಂದು, ಚಹಾ ಕೇಳಿ ಹೋಗಿದ್ದರು.

ಕೊಠಡಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಪುಸ್ತಕ, ಅದರ ಮೇಲೆ ಕಣ್ಣು ಮುಚ್ಚಿದ ಸ್ಕ್ಯಾನರು, ಎದುರಿಗೆ ಕುರ್ಚಿ. ಸುಶೀಲಾಬಾಯಿ ಇಳಕಲ್ ಸೀರೆಯ ಸೆರಗು ಸರಿಮಾಡಿಕೊಂಡು, ಯಾರದೋ ಮನೆಗೆ ಅರಿಸಿನ ಕುಂಕುಮಕ್ಕೆ ಬಂದವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತರು. ಬೆರಳಿನ ಗುರುತು ನೋಡಿ ಯಂತ್ರ ಸುಶೀಲಾ ಅಗರಖೇಡ ಎಂದು ಒಪ್ಪಿಕೊಂಡಿತು. ಲಗ್ನದಲ್ಲಿ ಹೆಸರು ಬದಲಿಸಿದ ಬಗ್ಗೆ ರಾಯರು ತಗ್ಗಿದ ದನಿಯಲ್ಲಿ ಹೇಳಿಕೆ ಕೊಟ್ಟರು. ಶಾಹೀನಾ ತಲೆಗೆ ಪಟ್ಟಿ ಕಟ್ಟಿದಳು. ಸುಶೀಲಾಬಾಯಿ ಎಂದು ಕರೆದಾಗ ಪರದೆಯ ಮೇಲಿನ ಗೆರೆ ಒಂದಿಷ್ಟೇ ಅಲುಗಿತು. ವೈಜಯಂತಿ ಎಂದಾಗ ಆ ಗೆರೆ ಪರದೆಯ ತುದಿ ಮುಟ್ಟಿ ಬಂತು. ಶಾಹೀನಾ ಒಂದು ಹೆಜ್ಜೆ ಹಿಂದೆ ಸರಿದಳು. ಇಂಥ ಅಲೆಯನ್ನು ಆಕೆ ಹಿಂದೆ ಕಂಡಿರಲಿಲ್ಲ.

ಊರ್ಮಿಳಾ ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂತಳು. ನಿಯಮದ ಪ್ರಕಾರ ಪ್ರಶ್ನೆ ಅಧಿಕಾರಿಯೇ ಕೇಳಬೇಕು.

“ಅತ್ಯಾ, ಈ ಪುಸ್ತಕಾ ಯಾರು ಬರದದ್ದು?”

ಸುಶೀಲಾಬಾಯಿ ಗಾಜಿನೊಳಗೆ ನೋಡಿದರು. ಮುಖ ಅರಳಿತು. “ವೈಜೂ ಬರದದ್ದು. ತಂತಿ ಸುತ್ತಿ ಸುತ್ತಿ ಬೆರಳಿಗೆ ಗಾಯಾ ಮಾಡಿಕೊಂಡಿದ್ದಳು.”

“ವೈಜೂ ಅಂದರ ನೀವ ಹೌದಲ್ರಿ?”

“ನಾ ಅಲ್ಲವಾ. ನಾ ಸುಶೀಲಾ.” ಆಕೆ ತಪ್ಪು ತಿಳಿದ ಮಗುವಿಗೆ ಹೇಳುವಷ್ಟು ಮೆತ್ತಗೆ ಹೇಳಿದರು. “ಆಕಿ ಬರಲಿಲ್ಲ. ನನ್ನ ಕಳಸೂ ಮುಂದ ಬಾಗಲ ತನಕಾ ಬಂದಳು, ಅಲ್ಲೇ ನಿಂತಳು. ಒಳಗ ಬಾ ಅಂತ ಯಾರೂ ಕರೀಲಿಲ್ಲ.”

ಪರದೆಯ ಗೆರೆ ಸ್ಥಿರವಾಗಿತ್ತು. ಸುಳ್ಳಿಲ್ಲ, ಗೊಂದಲವಿಲ್ಲ, ತಿಳಿದು ಆಡಿದ ಮಾತು ಎಂದು ಸಾಕ್ಷಿ ತೋರಿಸುತ್ತಿತ್ತು. ಪುಸ್ತಕದ ಪ್ರತಿ ಮಾಡಬಹುದೇ ಎಂದು ಕೇಳಲೇಬೇಕಿತ್ತು, ಊರ್ಮಿಳಾ ಕೇಳಿದಳು.

“ನನ್ನ ಕೇಳಿದರ ಹೆಂಗ? ಆಕಿನ್ನ ಕೇಳಬೇಕು,” ಎಂದರು ಸುಶೀಲಾಬಾಯಿ. “ಎಲ್ಲಿದ್ದಾಳೋ ಏನೋ. ನಂಗೂ ಕಾಗದಾ ಬರೀಲಿಲ್ಲ ಆಕಿ.”

ಆಗ ಗೋಡೆಯ ಬಳಿ ನಿಂತಿದ್ದ ಪ್ರಹ್ಲಾದರಾಯರು ಮುಂದೆ ಬಂದರು. ಅರವತ್ತು ವರ್ಷದ ಸಂಸಾರದಲ್ಲಿ ಅವರು ಹೆಂಡತಿಯನ್ನು ‘ಏ ಇವಳ’ ಎನ್ನುವುದು ಬಿಟ್ಟು ಬೇರೆ ಹೆಸರಿನಿಂದ ಕರೆದದ್ದನ್ನು ಯಾರೂ ಕೇಳಿರಲಿಲ್ಲ. ಕುರ್ಚಿಯ ತೋಳು ಹಿಡಿದು ಬಗ್ಗಿ, “ವೈಜಯಂತೀ,” ಎಂದರು. ದನಿ ಒಡೆದಿತ್ತು. “ವೈಜಯಂತೀ, ನಾನು ಕರೀಲಿಕ್ಕತ್ತೀನಿ.”

ಸುಶೀಲಾಬಾಯಿ ಹಿಂದಕ್ಕೆ ತಿರುಗಿ ಬಾಗಿಲ ಕಡೆ ನೋಡಿದರು. ಯಾರು ಬಂದರು ಎಂದು ಬಹಳ ಹೊತ್ತು ನೋಡಿದರು.

ಸಾಕ್ಷಿ ತೀರ್ಪು ಕೊಟ್ಟಿತು. ಅದಕ್ಕೆ ಅಳುವುದು ಗೊತ್ತಿಲ್ಲ, ತರ್ಕ ಗೊತ್ತು. ಕುರ್ಚಿಯಲ್ಲಿ ಕೂತವರು ಪ್ರಶ್ನೆಯನ್ನು ತಿಳಿದುಕೊಂಡಿದ್ದಾರೆ. ನಿಜ ಹೇಳುತ್ತಿದ್ದಾರೆ. ಪುಸ್ತಕ ತಮ್ಮದಲ್ಲ ಎಂದಿದ್ದಾರೆ. ಬರೆದವರನ್ನು ಬಲ್ಲರು, ಅವರಿರುವ ಜಾಗ ತಿಳಿಯದು. ಹಕ್ಕುದಾರರನ್ನು ತಲುಪಲಾಗಲಿಲ್ಲ. ಪ್ರತಿ ಮಾಡಬಹುದು.

ಬೀಗ ತೆರೆದ ಸದ್ದು ಕೇಳಿಸಿತು, ಸ್ಕ್ಯಾನರಿನ ಹಸಿರು ದೀಪ ಹತ್ತಿತು. ಪುಸ್ತಕ ಉಳಿಯಿತು. ಸುಳ್ಳೆಂದು ಊರ್ಮಿಳಾ ಬರೆಯಲು ಒಪ್ಪದ ಮಾತನ್ನೇ ಯಂತ್ರ ನಿಜವೆಂದು ಹೇಳಿತ್ತು. ಅವಳಿಗೆ ಸಂತೋಷ ಬರಲಿಲ್ಲ. ಶಾಹೀನಾ ಪರದೆಯ ಕಡೆ ಮುಖ ಮಾಡಿ ನಿಂತಿದ್ದಳು, ಭುಜ ಅಲುಗುತ್ತಿತ್ತು. ರಾಯರು ಕುರ್ಚಿಯ ತೋಳು ಬಿಟ್ಟು ನೆಲದ ಮೇಲೆ ಸೊಸೆಯ ಮಗ್ಗುಲಲ್ಲಿ ಕುಸಿದು ಕೂತರು. ಅವಳು ಅವರ ಕೈ ಹಿಡಿಯಲಿಲ್ಲ, ಎದ್ದೂ ಹೋಗಲಿಲ್ಲ.

ದೊಡ್ಡ ಪರದೆಯ ಮೇಲೆ ಮುಖಪುಟ ಮೂಡಿತು. ಕಂದಿದ ಕೆಂಪು ಅಕ್ಷರದಲ್ಲಿ ಬರೆದವಳ ಹೆಸರು. ಸುಶೀಲಾಬಾಯಿ ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಆಮೇಲೆ ನೆಲದ ಮೇಲೆ ಕೂತಿದ್ದ ಮುದುಕನನ್ನು, ಗುರುತಿಲ್ಲದ ಹಿರಿಯರನ್ನು ಕೇಳುವ ಮರ್ಯಾದೆಯಲ್ಲಿ ಕೇಳಿದರು.

“ಭಾಳ ಶಾಣ್ಯಾ ಹುಡುಗಿ ಅದರೀ. ಆಕಿದು ಲಗ್ನಾ ಆತೇನ್ರಿ?”

ರಾಯರು ಪರದೆಯ ಮೇಲಿನ ಹೆಸರನ್ನು ನೋಡಿದರು.

“ಇಲ್ಲ,” ಎಂದರು. “ಆಗಲಿಲ್ಲ.”

“ಛಲೋ ಆತು ಬಿಡ್ರಿ,” ಎಂದರು ಸುಶೀಲಾಬಾಯಿ. ಯಂತ್ರ ಮುಂದಿನ ಪುಟ ತಿರುವಿತು.